ಪಾಠಕ್ಕೊಂದು ಪ್ರಶಸ್ತಿ

1921ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕೆ ಹೊರಟುನಿಂತರು. ಮೈಸೂರಿಗೆ ಅವರು ಬಂದದ್ದು 1918ರಲ್ಲಿ. ಒಂದು ಊರಿನಲ್ಲಿ ಮೂರು ವರ್ಷ ಪಾಠ ಹೇಳುವುದು ದೊಡ್ಡ ಸಂಗತಿಯೇನೂ ಅಲ್ಲ. ಆದರೂ ಅವರು ಹೊರಡುವ ದಿನ ವಿದ್ಯಾರ್ಥಿಗಳು ಸಾರೋಟಿಗೆ ಹೂವಿನ ಅಲಂಕಾರ ಮಾಡಿ, ಕುದುರೆಗಳನ್ನು ಬಿಚ್ಚಿ, ತಾವೇ ಗಾಡಿಯನ್ನು ಎಳೆದುಕೊಂಡು ರೈಲು ನಿಲ್ದಾಣದವರೆಗೂ ಹೋದರು. ಆ ಪ್ರಾಧ್ಯಾಪಕರು ಸರ್ವೇಪಲ್ಲಿ ರಾಧಾಕೃಷ್ಣನ್. 1962ರಲ್ಲಿ ಅವರು ರಾಷ್ಟ್ರಪತಿಗಳಾದ ಮೇಲೆ ಅವರ ಜನ್ಮದಿನವಾದ ಸೆಪ್ಟೆಂಬರ್ 5 ದೇಶಕ್ಕೆಲ್ಲ ಅಧ್ಯಾಪಕರ ದಿನವಾಯಿತು. ಇದು ನೀವೆಲ್ಲ ಕೇಳಿದ ಕತೆಯೇ. ಅದನ್ನು ಇಂದು ಮತ್ತೆ ನೆನೆಯುವುದಕ್ಕೆ ಕಾರಣ ಬೇರೆ ಇದೆ.

ಆ ಸಾರೋಟಿನ ಮೆರವಣಿಗೆಯೂ ಒಂದು ಪ್ರಶಸ್ತಿಯೇ. ಅದಕ್ಕೆ ಅರ್ಜಿಯ ನಮೂನೆ ಇರಲಿಲ್ಲ, ಆಯ್ಕೆಯ ಸಮಿತಿ ಇರಲಿಲ್ಲ, ಕೊನೆಯ ದಿನಾಂಕವೂ ಇರಲಿಲ್ಲ. ಪಾಠ ಕೇಳಿದವರು, ಕೇಳಿದೆವೆಂಬ ಒಂದೇ ಅಧಿಕಾರದಿಂದ ಕೊಟ್ಟದ್ದು ಅದು. ಈಗ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಉತ್ತಮ ಅಧ್ಯಾಪಕರಿಗೆ ಪ್ರಶಸ್ತಿ ಕೊಡಬೇಕು, ವಿದ್ಯಾರ್ಥಿಗಳಿಗೆ ನೆರವಾಗಿ ನಿಂತವರನ್ನು ಗುರುತಿಸಬೇಕು ಎಂಬ ಮಾತು ಎಲ್ಲ ಕಡೆಯೂ ಕೇಳಿಬರುತ್ತಿದೆ. ಒಳ್ಳೆಯ ಮಾತೇ. ಆದರೆ ಅಂದಿನ ಹುಡುಗರು ತಮ್ಮ ತೋಳಬಲದಿಂದ ಮಾಡಿದ್ದನ್ನು ಒಂದು ಸಮಿತಿ ತನ್ನ ಕಡತದಿಂದ ಮಾಡಬಲ್ಲುದೆ? ಯಾರ ಮನೆಯ ಮುಂದೆಯೂ ಸಾರೋಟು ಬಂದು ನಿಲ್ಲದ, ಆದರೆ ನೂರಾರು ಮಕ್ಕಳನ್ನು ದಡ ಮುಟ್ಟಿಸಿದ ಜನರನ್ನು ಅದು ಕಾಣಬಲ್ಲುದೆ? ಈ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ. ಕಾಡುವುದಕ್ಕೆ ನನ್ನದೇ ಆದ ಒಂದು ನಿಮಿತ್ತವೂ ಉಂಟು. ಅದನ್ನು ಆಮೇಲೆ ಹೇಳುತ್ತೇನೆ.

ವಿಶ್ವವಿದ್ಯಾನಿಲಯವೆಂಬ ಸಂಸ್ಥೆಗೆ ಬರೆದದ್ದನ್ನು ಅಳೆಯುವುದು ಗೊತ್ತು, ಹೇಳಿದ್ದನ್ನು ಅಳೆಯುವುದು ಗೊತ್ತಿಲ್ಲ. ಸಂಶೋಧನಾ ಪ್ರಬಂಧ ಗ್ರಂಥಭಂಡಾರದ ಕಪಾಟಿನಲ್ಲಿ ಉಳಿಯುತ್ತದೆ. ಪಾಠವಾದರೋ ಗಂಟೆ ಹೊಡೆದ ಕೂಡಲೆ ಕಪ್ಪುಹಲಗೆಯ ಸುಣ್ಣದ ಪುಡಿಯೊಡನೆ ಒರೆಸಿಹೋಗುತ್ತದೆ. ಎಲ್ಲೋ ಒಮ್ಮೊಮ್ಮೆ ಪಾಠವೇ ಪುಸ್ತಕವಾಗುವುದುಂಟು. ಮೈಸೂರಿನ ಎಂ. ಹಿರಿಯಣ್ಣನವರು ತರಗತಿಗಳಲ್ಲಿ ವರ್ಷಗಟ್ಟಲೆ ಹೇಳಿದ ಪಾಠಗಳ ಆಧಾರದ ಮೇಲೆಯೇ 'ಔಟ್‌ಲೈನ್ಸ್ ಆಫ್ ಇಂಡಿಯನ್ ಫಿಲಾಸಫಿ' ಎಂಬ ಗ್ರಂಥ 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಭಾರತೀಯ ದರ್ಶನಗಳನ್ನು ಓದುವವರು ಇಂದಿಗೂ ಅದನ್ನು ಕೈಗೆತ್ತಿಕೊಳ್ಳುತ್ತಾರೆ. ಅಂಥ ಭಾಗ್ಯ ಎಷ್ಟು ಪಾಠಗಳಿಗೆ ಬಂದೀತು? ಉಳಿದವು ಕೇಳಿದವರ ನೆನಪಿನಲ್ಲಿರುತ್ತವೆ; ಅವರೊಡನೆಯೇ ಹೋಗುತ್ತವೆ.

ಈ ಕೊರತೆಯನ್ನು ಹೊರದೇಶಗಳವರು ನಮಗಿಂತ ಮುಂಚೆಯೇ ಮನಗಂಡರು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾನಿಲಯದಲ್ಲಿ ಉತ್ತಮ ಬೋಧನೆಗೆಂದೇ ಪ್ರಶಸ್ತಿ ಆರಂಭವಾದದ್ದು 1959ರಲ್ಲಿ. ಕೆನಡ ದೇಶ 1986ರಲ್ಲಿ, ಇಂಗ್ಲೆಂಡು 2000ದಲ್ಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರಿಗೆ ರಾಷ್ಟ್ರಮಟ್ಟದ ಮನ್ನಣೆಯನ್ನು ಏರ್ಪಡಿಸಿದವು. ನನಗೆ ಹೆಚ್ಚು ಕುತೂಹಲ ತಂದದ್ದು ಸ್ಕಾಟ್‌ಲೆಂಡಿನ ಎಡಿನ್‌ಬರೋ. ಅಲ್ಲಿ 2008-09ರ ಸಾಲಿನಲ್ಲಿ ಪ್ರಶಸ್ತಿಯನ್ನು ಹೂಡಿದವರು ಕುಲಪತಿಗಳಲ್ಲ, ವಿದ್ಯಾರ್ಥಿಗಳ ಸಂಘದವರು. ಹೆಸರು ಸೂಚಿಸುವವರೂ ವಿದ್ಯಾರ್ಥಿಗಳೇ. ಸೂಚಿಸುವಾಗ ಏಕೆ ಎಂಬುದನ್ನು ತಮ್ಮ ಮಾತಿನಲ್ಲಿ ಬರೆಯಬೇಕು. ಉಪನ್ಯಾಸ ಮಾಡುವವರಿಗಷ್ಟೇ ಅಲ್ಲದೆ, ವಿದ್ಯಾರ್ಥಿಯ ಕಷ್ಟಸುಖ ವಿಚಾರಿಸುವ ಮಾರ್ಗದರ್ಶಕರಿಗೂ ಕಚೇರಿಯ ಸಿಬ್ಬಂದಿಗೂ ಅದರಲ್ಲಿ ಸ್ಥಾನ ಸಿಕ್ಕಿತು. ಬ್ರಿಟನ್ನಿನ ಬೇರೆ ವಿಶ್ವವಿದ್ಯಾನಿಲಯಗಳೂ ಈ ಮೇಲ್ಪಂಕ್ತಿಯನ್ನು ಅನುಸರಿಸಿದವು.

ನಮ್ಮಲ್ಲಿ ಅಧ್ಯಾಪಕರಿಗೆ ರಾಷ್ಟ್ರಪ್ರಶಸ್ತಿ ಆರಂಭವಾದದ್ದು 1958ರಲ್ಲಿ. ಆದರೆ ಅದು ಶಾಲೆಯ ಉಪಾಧ್ಯಾಯರಿಗೆ. ಉನ್ನತ ಶಿಕ್ಷಣದ ಅಧ್ಯಾಪಕರನ್ನು ಅದರ ಪರಿಧಿಯೊಳಕ್ಕೆ ಕರೆದುಕೊಂಡದ್ದು 2023ರಲ್ಲಿ. ಆ ವರ್ಷ ಪುರಸ್ಕೃತರಾದ 75 ಮಂದಿಯಲ್ಲಿ ಉನ್ನತ ಶಿಕ್ಷಣ ಕ್ಷೇತ್ರದವರು 13 ಮಂದಿ. ನಡುವೆ 65 ವರ್ಷಗಳು! ಕಾಲೇಜಿನ ಮೇಷ್ಟರಿಗೆ ಸಮಾಜದಲ್ಲಿ ಗೌರವ ಹೇಗೂ ಇದೆ, ಪ್ರಶಸ್ತಿ ಏಕೆ ಎಂದುಕೊಂಡರೋ, ವಿಶ್ವವಿದ್ಯಾನಿಲಯದಲ್ಲಿ ಪಾಠ ಮುಖ್ಯವಲ್ಲ ಎಂದುಕೊಂಡರೋ ನಾನು ಹೇಳಲಾರೆ. ಎರಡನೆಯದೇ ನಿಜವಿರಬಹುದೆಂದು ನನ್ನ ಅನುಮಾನ.

ಹಾಗಾದರೆ ಉತ್ತಮ ಅಧ್ಯಾಪನವೆಂದರೆ ಯಾವುದು? ಲಕ್ಷಣ ಹೇಳಹೊರಟರೆ ಕೆಡುತ್ತದೆ. ಒಬ್ಬರನ್ನು ನೆನೆಯುವುದೇ ಮೇಲು. ತಳುಕಿನ ವೆಂಕಣ್ಣಯ್ಯನವರನ್ನು ನೆನೆಯೋಣ. ಚಿತ್ರದುರ್ಗದ ಸೀಮೆಯಿಂದ ಬಂದ ಟಿ.ಎಸ್. ವೆಂಕಣ್ಣಯ್ಯನವರು ಹುಟ್ಟಿದ್ದು 1885ರಲ್ಲಿ, ತೀರಿಕೊಂಡದ್ದು 1939ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಾದರೂ ಅಲ್ಲಿ ಕನ್ನಡದ ಎಂ.ಎ. ತರಗತಿ ತೆರೆಯುವುದಕ್ಕೆ 1927ರವರೆಗೆ ಕಾಯಬೇಕಾಯಿತು. ಆ ತರಗತಿಗೆ ಜೀವ ತುಂಬಿದವರು ವೆಂಕಣ್ಣಯ್ಯನವರು. ಅವರನ್ನೂ ಅವರ ಆಪ್ತಮಿತ್ರರಾದ ಎ.ಆರ್. ಕೃಷ್ಣಶಾಸ್ತ್ರಿಗಳನ್ನೂ ಕನ್ನಡ ಲೋಕ ಅಶ್ವಿನೀದೇವತೆಗಳೆಂದು ಕರೆಯಿತು. ಈ ಹೆಸರು ನನಗೆ ಬಹಳ ಸರಿಯೆನಿಸುತ್ತದೆ. ಅಶ್ವಿನೀದೇವತೆಗಳು ದೇವಲೋಕದ ವೈದ್ಯರಲ್ಲವೆ? ಅವರ ಕೆಲಸ ತಾವು ಮೆರೆಯುವುದಲ್ಲ; ಮಲಗಿದವರನ್ನು ಎಬ್ಬಿಸಿ ನಿಲ್ಲಿಸುವುದು.

ವೆಂಕಣ್ಣಯ್ಯನವರು ಬರೆದದ್ದು ಅವರ ವಿದ್ವತ್ತಿಗೆ ಹೋಲಿಸಿದರೆ ಕಡಮೆ. ಕೆಲವು ಪ್ರಾಚೀನ ಗ್ರಂಥಗಳ ಸಂಪಾದನೆ, ಒಂದಷ್ಟು ಲೇಖನಗಳು, ಅನುವಾದ. ಇಂದಿನ ಲೆಕ್ಕದಲ್ಲಿ ಅವರ ಸ್ಥಿತಿ ಏನಾಗುತ್ತಿತ್ತೊ! 2010ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಅಧ್ಯಾಪಕರ ಸಾಧನೆಗೆ ಅಂಕಗಳ ಪದ್ಧತಿಯೊಂದನ್ನು ತಂದಿತು. ಲೇಖನಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು ಎಂದು. ಆ ತಕ್ಕಡಿಯಲ್ಲಿ ವೆಂಕಣ್ಣಯ್ಯನವರನ್ನು ಕೂರಿಸಿದರೆ ತಟ್ಟೆ ಮೇಲಕ್ಕೇ ಹೋದೀತು. ಆದರೆ ಅವರ ನಿಜವಾದ ಕೃತಿಗಳು ಯಾವುವು? ಡಿ.ಎಲ್. ನರಸಿಂಹಾಚಾರ್ಯರಂಥ ವಿದ್ವಾಂಸರು, ಕುವೆಂಪು ಅವರಂಥ ಕವಿಗಳು. ಇಂಗ್ಲಿಷಿನಲ್ಲಿ ಕವಿತೆ ಬರೆಯಲು ಆರಂಭಿಸಿದ್ದ ಮಲೆನಾಡಿನ ಹುಡುಗ ಮುಂದೆ ಕನ್ನಡದಲ್ಲಿ ಎಂ.ಎ. ಮಾಡಿ 1929ರಲ್ಲಿ ಮಹಾರಾಜ ಕಾಲೇಜಿನ ಕನ್ನಡ ಅಧ್ಯಾಪಕನಾದ. ಆ ದಾರಿಯಲ್ಲಿ ಅವನ ಬೆನ್ನ ಮೇಲೆ ಕೈಯಿಟ್ಟು ನಡೆಸಿದವರಲ್ಲಿ ವೆಂಕಣ್ಣಯ್ಯನವರು ಮುಖ್ಯರು.

ಇದಕ್ಕೆ ಬಂದ ಪ್ರತಿಫಲವನ್ನು ನೋಡಿ. 'ಶ್ರೀ ರಾಮಾಯಣ ದರ್ಶನಂ' ಬೆಳಕು ಕಂಡದ್ದು 1949ರಲ್ಲಿ. ಕವಿ ಅದನ್ನು ಅರ್ಪಿಸಿದ್ದು ರಾಜಮಹಾರಾಜರಿಗಲ್ಲ, ವೆಂಕಣ್ಣಯ್ಯನವರಿಗೆ. ಇಪ್ಪತ್ತನೆಯ ಶತಮಾನದಲ್ಲಿ ಕನ್ನಡದ ಅಧ್ಯಾಪಕರೊಬ್ಬರಿಗೆ ಸಂದ ಅತ್ಯುನ್ನತ ಪ್ರಶಸ್ತಿ ಯಾವುದೆಂದು ಯಾರಾದರೂ ಕೇಳಿದರೆ ನಾನು ಈ ಅರ್ಪಣೆಯನ್ನೇ ತೋರಿಸುತ್ತೇನೆ. ಆದರೆ ಮೇಷ್ಟರು ಕಣ್ಣುಮುಚ್ಚಿ ಆಗ ಹತ್ತು ವರ್ಷವಾಗಿತ್ತು.

ಇಲ್ಲಿಯೇ ನನಗೆ ಪ್ರಶಸ್ತಿಗಳ ಅಗತ್ಯ ಕಾಣುವುದು. ನಾವು ಗುರುಗಳನ್ನು ಹೊಗಳುವುದು ಎರಡೇ ಸಂದರ್ಭಗಳಲ್ಲಿ: ನಿವೃತ್ತಿಯ ಸಭೆಯಲ್ಲಿ, ಇಲ್ಲವೆ ಶ್ರದ್ಧಾಂಜಲಿಯ ಸಭೆಯಲ್ಲಿ. ಎರಡರಲ್ಲೂ ಹಾರ ಒಂದೇ ಅಂಗಡಿಯಿಂದ ಬರುತ್ತದೆ. ಬಿ.ಎಂ. ಶ್ರೀಕಂಠಯ್ಯನವರಿಗೆ 1941ರಲ್ಲಿ 'ಸಂಭಾವನೆ' ಎಂಬ ಗ್ರಂಥವನ್ನು ಶಿಷ್ಯರೂ ಮಿತ್ರರೂ ಸೇರಿ ಅರ್ಪಿಸಿದರು; ಕನ್ನಡದಲ್ಲಿ ಅಂಥ ಗ್ರಂಥಗಳ ಪರಂಪರೆಗೆ ಅದೇ ಮೊದಲು. ಅವರು 1946ರವರೆಗೆ ಬದುಕಿದ್ದರು. ಆದ್ದರಿಂದ ಅದನ್ನು ತಮ್ಮ ಕೈಯಲ್ಲಿ ಹಿಡಿದು ಓದಿದರು. ಅಂಥ ಅದೃಷ್ಟ ಎಲ್ಲರದಲ್ಲ. ದಿನದಿನವೂ ತರಗತಿಗೆ ಹೋಗಿಬರುವ ಮೇಷ್ಟರಿಗೆ, ತನ್ನ ಮಾತು ಯಾರಿಗಾದರೂ ತಾಕಿತೋ ಇಲ್ಲವೋ ಎಂಬುದು ಗೊತ್ತಾಗುವ ಬಗೆ ಯಾವುದು? ಪರೀಕ್ಷೆಯ ಫಲಿತಾಂಶದಿಂದ ಅದು ತಿಳಿಯುವುದಿಲ್ಲ. ಗೈಡುಗಳನ್ನು ಓದಿಯೂ ಹುಡುಗರು ತೇರ್ಗಡೆಯಾಗುತ್ತಾರೆ. ಇಂಥ ಮಾತು ನನಗೆ ತಾಕಿತು ಎಂದು ಹುಡುಗಿಯೊಬ್ಬಳು ನಾಲ್ಕು ಸಾಲು ಬರೆದರೆ, ಆ ನಾಲ್ಕು ಸಾಲಿಗೆ ಪದಕಕ್ಕಿಂತ ಹೆಚ್ಚಿನ ತೂಕ.

ವಿದ್ಯಾರ್ಥಿಗಳಿಗೆ ನೆರವು ಎಂಬ ಎರಡನೆಯ ವಿಷಯಕ್ಕೆ ಬರೋಣ. ಇದಕ್ಕೆ ನಮ್ಮ ಹಿರಿಯರು ಹೆಸರಿಟ್ಟಿರಲಿಲ್ಲ, ಮಾಡುತ್ತಿದ್ದರು. ವಾರಾನ್ನವೆಂಬುದು ಇಂದಿನ ಎಳೆಯರಿಗೆ ನಿಘಂಟಿನ ಶಬ್ದ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಏಳು ಮನೆಗಳಲ್ಲಿ ಉಂಡು ಓದಿದ ಒಂದು ತಲೆಮಾರೇ ನಮ್ಮಲ್ಲಿತ್ತು. ಅದರಲ್ಲಿ ಔದಾರ್ಯವಿತ್ತು, ಪಂಕ್ತಿಯ ಕೊನೆಯಲ್ಲಿ ಕುಳಿತ ಹುಡುಗ ನುಂಗಿದ ಅವಮಾನವೂ ಇತ್ತು, ಜಾತಿಯ ಕಾರಣದಿಂದ ಆ ಹೊಸ್ತಿಲುಗಳನ್ನು ದಾಟಲಾಗದವರಿಗೆ ಆ ಕೊನೆಯ ಎಲೆಯೂ ಇರಲಿಲ್ಲ. ಮುಂದೆ ಮಠಗಳೂ ಸಮುದಾಯಗಳ ಸಂಘಗಳೂ ಉಚಿತ ವಿದ್ಯಾರ್ಥಿನಿಲಯಗಳನ್ನು ತೆರೆದವು, ಸರ್ಕಾರ ತೆರೆಯಿತು. ಕುವೆಂಪು ಅವರಿಗೆ ವಿದ್ಯಾರ್ಥಿದೆಸೆಯಲ್ಲಿ ಮೈಸೂರಿನ ಶ್ರೀರಾಮಕೃಷ್ಣಾಶ್ರಮ ನೆಲೆಯಾಯಿತು. ಸ್ವಾಮಿ ಸಿದ್ಧೇಶ್ವರಾನಂದರು ಅವರನ್ನು ಅಲ್ಲಿಗೆ ಕರೆದುಕೊಂಡರು. ಅಧ್ಯಾಪಕರ ಪಾಠ ಕಿವಿಗೆ ಇಳಿಯಬೇಕಾದರೆ ಮೊದಲು ಹುಡುಗ ಆ ಊರಿನಲ್ಲಿ ಉಳಿಯಬೇಕಷ್ಟೆ? ಉಳಿಸಿದವರು ಯಾರು ಎಂಬುದನ್ನು ಸಾಹಿತ್ಯಚರಿತ್ರೆಗಳು ಅಡಿಟಿಪ್ಪಣಿಯಲ್ಲಿ ಹೇಳುತ್ತವೆ, ಹೇಳಿದರೆ.

ಈಗ ಇದಕ್ಕೆ ಹೆಸರು ಬಂದಿದೆ. ಕಾಲೇಜುಗಳ ಗುಣಮಟ್ಟವನ್ನು ತೂಗುವ ರಾಷ್ಟ್ರೀಯ ಮೌಲ್ಯಮಾಪನ ಮಂಡಳಿ ಬೆಂಗಳೂರಿನಲ್ಲಿ 1994ರಲ್ಲಿ ಸ್ಥಾಪಿತವಾಯಿತು. ಅದು ಮುಂದೆ ಇಟ್ಟುಕೊಂಡ ಮಾನದಂಡಗಳ ಪಟ್ಟಿಯಲ್ಲಿ ಐದನೆಯದೇ ವಿದ್ಯಾರ್ಥಿಗಳಿಗೆ ನೆರವು ಮತ್ತು ಅವರ ಪ್ರಗತಿ. ಪರಿಶೀಲಕರು ಬರುವ ವಾರ ಕಾಲೇಜಿನ ಗೋಡೆಗೆ ಸುಣ್ಣ ಬೀಳುತ್ತದೆ, ನೆರವಿನ ಅಂಕಿಅಂಶಗಳು ಬಣ್ಣದ ನಕ್ಷೆಗಳಾಗುತ್ತವೆ. ಆದರೆ ನೆರವು ಎಂಬುದು ಒಬ್ಬ ಮನುಷ್ಯ ಇನ್ನೊಬ್ಬನಿಗೆ ಒಂದು ಹೊತ್ತಿನಲ್ಲಿ ಮಾಡುವ ಕೆಲಸ. ಶುಲ್ಕ ಕಟ್ಟಲಾಗದೆ ಊರಿಗೆ ಹೊರಟವನನ್ನು ತಡೆಯುವುದು, ಹೆದರಿ ಮಾತು ನಿಲ್ಲಿಸಿದ ಹುಡುಗಿಯ ಎದುರು ಅರ್ಧ ಗಂಟೆ ಸುಮ್ಮನೆ ಕುಳಿತುಕೊಳ್ಳುವುದು, ಕಣ್ಣು ಕಾಣದ ವಿದ್ಯಾರ್ಥಿಗೆ ಪಠ್ಯ ಓದಿಹೇಳುವುದು. ಇದನ್ನು ಮಾಡುವವರಲ್ಲಿ ಅಧ್ಯಾಪಕರಿರುತ್ತಾರೆ. ಹಾಸ್ಟೆಲಿನ ಅಡುಗೆಯವರು, ಗ್ರಂಥಭಂಡಾರದ ಅಟೆಂಡರುಗಳು, ಕಚೇರಿಯ ಗುಮಾಸ್ತರೂ ಇರುತ್ತಾರೆ.

ಆಯ್ಕೆ ಹೇಗೆ ಎಂಬುದೇ ಕಷ್ಟದ ಪ್ರಶ್ನೆ. ಶಾಲಾ ಉಪಾಧ್ಯಾಯರ ರಾಷ್ಟ್ರಪ್ರಶಸ್ತಿಗೆ 2018ರಿಂದ ಉಪಾಧ್ಯಾಯರೇ ತಮ್ಮ ಹೆಸರನ್ನು ಸೂಚಿಸಿಕೊಳ್ಳುವ ಕ್ರಮ ಬಂತು. ಯಾರ ಶಿಫಾರಸಿಗೂ ಕಾಯಬೇಕಾಗಿಲ್ಲ ಎಂಬುದು ಅದರ ಗುಣ. ದೂರದ ಹಳ್ಳಿಯ ಉಪಾಧ್ಯಾಯಿನಿಗೂ ಬಾಗಿಲು ತೆರೆಯಿತು. ಆದರೆ ತನ್ನ ಗುಣವನ್ನು ತಾನೇ ಬರೆಯಬೇಕಾಗಿ ಬಂದಾಗ ಸಂಕೋಚದ ಜನ ಲೇಖನಿ ಕೆಳಗಿಡುತ್ತಾರೆ. ಸಂಕೋಚ ಬಿಟ್ಟವರು ಎರಡನೆಯ ಹಾಳೆ ಕೇಳುತ್ತಾರೆ.

ವಿದ್ಯಾರ್ಥಿಗಳಿಂದಲೇ ಮತ ಹಾಕಿಸಿದರೆ? ಅಲ್ಲಿಯೂ ಅಪಾಯವಿದೆ. ಅಮೆರಿಕದ ನಾರ್ತ್ ಕೆರೊಲಿನಾದ ಒಂದು ವಿಶ್ವವಿದ್ಯಾನಿಲಯದಲ್ಲಿ ನಡೆದ ಸಣ್ಣ ಪ್ರಯೋಗವೊಂದರ ವರದಿ 2015ರಲ್ಲಿ ಪ್ರಕಟವಾಯಿತು. ಮುಖ ಕಾಣದ ಹಾಗೆ ಅಂತರಜಾಲದ ಮೂಲಕ ನಡೆದ ಪಾಠ. ಬೋಧಕರಲ್ಲಿ ಒಬ್ಬರು ಗಂಡಸು, ಒಬ್ಬರು ಹೆಂಗಸು. ಇಬ್ಬರೂ ಒಂದೊಂದು ಗುಂಪಿಗೆ ತಮ್ಮ ಹೆಸರಿನಲ್ಲಿ, ಇನ್ನೊಂದೊಂದು ಗುಂಪಿಗೆ ಹೆಸರು ಅದಲುಬದಲು ಮಾಡಿಕೊಂಡು ಪಾಠ ಹೇಳಿದರು. ತಿದ್ದಿದ ಬರಹಗಳನ್ನು ಎಲ್ಲ ಗುಂಪುಗಳಿಗೂ ಒಂದೇ ಹೊತ್ತಿಗೆ ಹಿಂತಿರುಗಿಸಲಾಗಿತ್ತು. ಆದರೂ ತಮ್ಮ ಬೋಧಕರು ಹೆಂಗಸೆಂದು ನಂಬಿದವರು ಈ ಹೊತ್ತಿಗೆ ಸರಿಯಾಗಿ ಹಿಂತಿರುಗಿಸುವ ಗುಣಕ್ಕೂ ಕಡಮೆ ಅಂಕ ಕೊಟ್ಟರು! ಪ್ರಯೋಗದಲ್ಲಿದ್ದವರು 43 ವಿದ್ಯಾರ್ಥಿಗಳು ಮಾತ್ರ, ಅದರಿಂದ ಲೋಕವನ್ನೆಲ್ಲ ಅಳೆಯಬಾರದು ಎನ್ನಬಹುದು, ನಿಜ. ಆದರೆ ನಮ್ಮ ಕಾಲೇಜುಗಳಲ್ಲಿ ಮೇಷ್ಟರ ಹೆಸರಿನ ಹಿಂದೆ ಊರು, ಜಾತಿ, ಇಂಗ್ಲಿಷಿನ ಉಚ್ಚಾರಣೆ ಇವೆಲ್ಲ ಅಂಟಿಕೊಂಡಿರುವುದನ್ನು ಬಲ್ಲವರು ಈ ವರದಿಗೆ ಆಶ್ಚರ್ಯಪಡಲಾರರು. ಆದ್ದರಿಂದ ಅಂಕವೂ ಬೇಡ, ಮತವೂ ಬೇಡ. ಏನು ನಡೆಯಿತು ಎಂಬುದನ್ನು ಕಂಡವರು ಬರೆದ ಪತ್ರವಿರಲಿ ಎಂಬುದು ನನ್ನ ಅಭಿಪ್ರಾಯ. ಪತ್ರ ಸುಳ್ಳು ಹೇಳಲಾರದೆಂದಲ್ಲ. ಆದರೆ ಪತ್ರದಲ್ಲಿ ವಿವರ ಬರಬೇಕಾಗುತ್ತದೆ, ಹೋಗಿ ವಿಚಾರಿಸಿದರೆ ವಿವರದ ಸತ್ಯ ತಿಳಿಯುತ್ತದೆ.

ಇನ್ನು ಆಗಲೆ ಹೇಳಿದ ನಿಮಿತ್ತ. ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾನಿಲಯದಲ್ಲಿ ಹಳೆಯ ವಿದ್ಯಾರ್ಥಿಗಳು ದತ್ತಿಯೊಂದನ್ನು ಇಟ್ಟು, ಉತ್ತಮ ಅಧ್ಯಾಪನಕ್ಕೂ ವಿದ್ಯಾರ್ಥಿಸೇವೆಗೂ ವರ್ಷಕ್ಕೊಂದು ಪ್ರಶಸ್ತಿ ಕೊಡಬೇಕೆಂದರು. ಆಯ್ಕೆ ಸಮಿತಿಯ ಐವರಲ್ಲಿ ನಾನೊಬ್ಬ. ಅರ್ಜಿಗಳು ಹದಿನಾಲ್ಕು, ಒಂದೊಂದೂ ದಪ್ಪನೆಯ ಕಡತ. ಒಬ್ಬರ ಕಡತದಲ್ಲಿ ಅವರು ರಕ್ತದಾನ ಶಿಬಿರದಲ್ಲಿ ಮಲಗಿರುವ ಚಿತ್ರಗಳೇ ಆರು ಇದ್ದವು. ಕಟ್ಟಿನ ತಳದಲ್ಲಿ ಗೆರೆಯಿದ್ದ ನೋಟುಪುಸ್ತಕದ ಹಾಳೆಯೊಂದಿತ್ತು, ಎರಡೂ ಮಗ್ಗುಲು ಬರೆದದ್ದು. ಕೆಳಗೆ ಹನ್ನೊಂದು ಸಹಿಗಳು. ಅವರು ಹೆಸರಿಸಿದ್ದು ಅಧ್ಯಾಪಕರನ್ನಲ್ಲ, ಕಚೇರಿಯಲ್ಲಿ ವಿದ್ಯಾರ್ಥಿವೇತನದ ಕಡತ ನೋಡುತ್ತಿದ್ದ ದ್ವಿತೀಯ ದರ್ಜೆಯ ಗುಮಾಸ್ತರನ್ನು.

ಪತ್ರದಲ್ಲಿ ಹೊಗಳಿಕೆಯ ಮಾತು ಒಂದೂ ಇರಲಿಲ್ಲ. ಅರ್ಜಿ ಹಾಕದೆ ಉಳಿದವರ ಪಟ್ಟಿ ಮಾಡಿಕೊಂಡು ಸಂಜೆ ಹಾಸ್ಟೆಲಿಗೆ ಸೈಕಲ್ಲಿನಲ್ಲಿ ಬರುತ್ತಾರೆ ಎಂದಿತ್ತು. ಆದಾಯ ಪ್ರಮಾಣಪತ್ರ ಸಿಗದವರ ಜೊತೆಯಲ್ಲಿ ತಾಲ್ಲೂಕು ಕಚೇರಿಗೆ ತಾವೇ ರಜೆ ಹಾಕಿ ಹೋಗಿದ್ದಾರೆ ಎಂದಿತ್ತು. ತಂದೆ ತೀರಿಕೊಂಡು ಓದು ಬಿಡಲು ತೀರ್ಮಾನಿಸಿ ಟ್ರಂಕಿನೊಡನೆ ಬಸ್ ನಿಲ್ದಾಣದಲ್ಲಿ ಕುಳಿತಿದ್ದವನನ್ನು ಕರೆತಂದು ಪರೀಕ್ಷೆಯ ಶುಲ್ಕ ತಾವು ಕಟ್ಟಿದರು, ವಿದ್ಯಾರ್ಥಿವೇತನ ಬಂದ ಮೇಲೆ ಹಣ ವಾಪಸು ತೆಗೆದುಕೊಂಡರು, ತೆಗೆದುಕೊಂಡದ್ದಕ್ಕೆ ರಸೀತಿಯನ್ನೂ ಬರೆದುಕೊಟ್ಟರು ಎಂದಿತ್ತು. ಆ ರಸೀತಿಯ ಮಾತನ್ನು ಓದಿದಾಗ ನನಗೆ ಆ ಮನುಷ್ಯರು ಕಣ್ಣೆದುರು ಬಂದು ನಿಂತಂತಾಯಿತು. ದಾನ ಪಡೆದವನೆಂಬ ಭಾರ ಹುಡುಗನ ಮೇಲೆ ಬೀಳದಂತೆ ನೋಡಿಕೊಂಡ ನಯ ಅದು.

ಅಧ್ಯಕ್ಷರು ನಿಯಮಾವಳಿ ತೆರೆದರು. ಅಧ್ಯಾಪಕರಾಗಿರತಕ್ಕದ್ದು ಎಂದು ಮೊದಲ ಸಾಲಿನಲ್ಲಿಯೇ ಇತ್ತು. ವಿದ್ಯಾರ್ಥಿಸೇವೆ ಎಂಬುದು ಮೂರನೆಯ ಸಾಲಿನಲ್ಲಿತ್ತು. ಆದರೆ ಮೊದಲನೆಯ ಸಾಲು ಮೊದಲನೆಯದು. ಕಾಗದವನ್ನು ಪಕ್ಕಕ್ಕಿಟ್ಟರು. ನಾನು ಒಂದು ಮಾತನ್ನಾದರೂ ಆಡಬಹುದಿತ್ತು. ಊಟದ ಹೊತ್ತಾಗಿತ್ತು, ಆಡಲಿಲ್ಲ. ನಡಾವಳಿಗೆ ಎಲ್ಲರೊಡನೆ ಸಹಿ ಹಾಕಿದೆ. ಪ್ರಶಸ್ತಿ ಪಡೆದ ಅಧ್ಯಾಪಕಿ ಯೋಗ್ಯರೇ, ಆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹೊರಡುವಾಗ ಆ ನೋಟುಪುಸ್ತಕದ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡೆ. ಸಮಿತಿಯ ಕಾಗದಪತ್ರಗಳನ್ನು ಹಾಗೆ ಒಯ್ಯಬಾರದು, ಬಲ್ಲೆ.

ಆ ವರ್ಷದ ಕೊನೆಗೆ ಆ ಗುಮಾಸ್ತರು ನಿವೃತ್ತರಾದರೆಂದು ತಿಳಿದು ಅವರ ಮನೆ ಹುಡುಕಿಕೊಂಡು ಹೋದೆ. ಕಾಗದ ಕೊಟ್ಟೆ. ಅವರು ಕನ್ನಡಕ ತರಿಸಿಕೊಂಡು ಎರಡೂ ಮಗ್ಗುಲು ನಿಧಾನವಾಗಿ ಓದಿದರು. ಹನ್ನೊಂದು ಸಹಿಗಳನ್ನೂ ಬೆರಳಿಟ್ಟು ಒಂದೊಂದಾಗಿ ನೋಡಿದರು. ಅವರ ಬಾಯಿಂದ ಏನು ಬರುವುದೋ ಎಂದು ನಾನು ಕಾಯುತ್ತಿದ್ದೆ. ಏಳನೆಯ ಸಹಿಯ ಮೇಲೆ ಬೆರಳು ನಿಂತಿತು.

"ಈ ಹುಡುಗನಿಗೆ ಎರಡನೆಯ ಕಂತು ಬಂದಿರಲಿಲ್ಲ, ಸಾರ್. ನಾನು ಕೆಲಸ ಬಿಡುವ ಮುಂಚೆ ಕಡತ ಮೇಲಕ್ಕೆ ಕಳಿಸಿದ್ದೆ. ಏನಾಯಿತೋ ತಿಳಿಯದು. ನೀವು ಆ ಕಡೆ ಹೋದಾಗ ಒಮ್ಮೆ ವಿಚಾರಿಸುತ್ತೀರಾ?"

ಮರುದಿನವೇ ಹೋದೆ. ಅವರ ಕುರ್ಚಿಯಲ್ಲಿ ಹೊಸಬರಿದ್ದರು. ಕಡತ ಮೇಜಿನ ಮೇಲೆಯೇ ಇತ್ತು. ತಂದೆಯ ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸವಿದೆಯೆಂದು ಆಕ್ಷೇಪಣೆ ಬರೆದು ಮೇಲಿನ ಕಚೇರಿಯವರು ಅದನ್ನು ಹಿಂದಕ್ಕೆ ಕಳಿಸಿ ಐದು ವಾರವಾಗಿತ್ತು.